ಮೂರನೇ ತಿರುವಿನಲ್ಲಿ ಕಂಡ ಕಿತ್ತಳೆ ಕೋಟು

ಕೆಳಗೆ ಸಹಿ ಮಾಡಿರುವ ನನಗೆ ಮೂವತ್ತೆಂಟು ವರ್ಷ. ವೃತ್ತಿ ಹೊಲಿಗೆ. ಬೈಕ್ ಸವಾರರ ಜಾಕೆಟ್, ಪ್ಯಾಂಟು, ಸಾಮಾನಿನ ಚೀಲ ಹೊಲಿಯುವುದು ಮತ್ತು ಹರಿದದ್ದನ್ನು ರಿಪೇರಿ ಮಾಡುವುದು ನನ್ನ ಕೆಲಸ. ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆ, ಟೈರ್ ಅಂಗಡಿಯ ಮೇಲಿನ ಮಹಡಿ. ಠಾಣೆಯಲ್ಲಿ ನನ್ನನ್ನು ಕೂರಿಸಿ ಕೇಳಿದ್ದಕ್ಕೆ ನಾನು ಹೇಳಿ ಬರೆಸುವುದೇನೆಂದರೆ:

ಆಸ್ಪತ್ರೆಯಲ್ಲಿರುವ ಗಾಯಾಳು ನನ್ನ ಸ್ವಂತ ಅಣ್ಣ. ವಯಸ್ಸು ನಲವತ್ತನಾಲ್ಕು, ವೆಲ್ಡಿಂಗ್ ಕೆಲಸ ಮಾಡುತ್ತಾನೆ. ನಾವಿಬ್ಬರೂ ಹನ್ನೊಂದು ಜನರ ಬೈಕ್ ತಂಡವೊಂದರಲ್ಲಿದ್ದೇವೆ. ರಜೆಯ ದಿನ ಟಾರು ರಸ್ತೆ ಬಿಟ್ಟು ಮಣ್ಣುದಾರಿ, ಕಲ್ಲುದಾರಿಯಲ್ಲಿ ಓಡಿಸುತ್ತೇವೆ. ಇದು ರೇಸ್ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನೆಯಿಂದ ಕಂಡವರೆಲ್ಲ ಅದನ್ನೇ ಕೇಳಿದ್ದಾರೆ. ಮನೆ ಮಕ್ಕಳು ಇರುವವರಿಗೆ ಇದೆಲ್ಲ ಯಾಕೆ ಬೇಕು ಎಂದು ಇಲ್ಲಿನ ಹೆಡ್ ಕಾನ್‌ಸ್ಟೆಬಲ್ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿದೆ, ಆದರೆ ಈ ಹೇಳಿಕೆಗೆ ಅದು ಸಂಬಂಧಿಸಿದ್ದಲ್ಲ.

ತಂಡದ ಪದ್ಧತಿ ಹೇಳದಿದ್ದರೆ ನಡೆದದ್ದು ಅರ್ಥವಾಗುವುದಿಲ್ಲ. ಎಲ್ಲರ ಮುಂದೆ ಒಬ್ಬರು ಹೋಗುತ್ತಾರೆ. ಅವರ ಹ್ಯಾಂಡಲ್ ಮೇಲೆ ದಾರಿ ತೋರಿಸುವ ಜಿಪಿಎಸ್ ಇರುತ್ತದೆ. ಅವರಿಗೆ ನಾವಿಟ್ಟ ಹೆಸರು ದಿಕ್ಸೂಚಿ. ಪೇಟೆಯಲ್ಲಿ ಅವರಿಗೆ ಸ್ವಂತ ಮನೆಯ ಬೀದಿಯೇ ಸಿಗುವುದಿಲ್ಲ ಎಂಬುದು ಬೇರೆ ಮಾತು. ಎಲ್ಲರ ಹಿಂದೆ ಒಬ್ಬರು ಬರುತ್ತಾರೆ, ಅವರು ಬಾಲ. ದಾರಿ ಎರಡಾಗಿ ಒಡೆಯುವ ಕಡೆಯಲ್ಲೆಲ್ಲ ದಿಕ್ಸೂಚಿಯ ಬೆನ್ನಿಗಿರುವವರು ನಿಂತು, ಹಿಂದೆ ಬರುವವರಿಗೆ ಯಾವ ಕಡೆ ಎಂದು ಕೈ ತೋರಿಸಬೇಕು. ಬಾಲ ಬರುವ ತನಕ ಅಲ್ಲಿಂದ ಕದಲಬಾರದು. ಬಿಸಿಲಿರಲಿ, ನೀರು ಮುಗಿದಿರಲಿ, ಕದಲಬಾರದು. ಬಾಲ ದೂರದಲ್ಲಿ ಕಂಡ ಕೂಡಲೇ ಹೊರಟು ಅವರ ಮುಂದೆ ಸಾಗಬೇಕು, ನಮಗಾಗಿ ಅವರು ನಿಲ್ಲುವಂತಾಗಬಾರದು. ನಾವು ತಲೆ ಎಣಿಸುವುದಿಲ್ಲ. ಬಾಲ ಬಂದರೆ ಎಲ್ಲರೂ ಬಂದಂತೆ.

ಬಾಲ ಯಾವತ್ತೂ ನನ್ನ ಅಣ್ಣನೇ. ಧೂಳಿನಲ್ಲಿ ದೂರದಿಂದ ಕಾಣಲೆಂದು ಅವನಿಗೆ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟನ್ನು ನಾನೇ ಹೊಲಿದುಕೊಟ್ಟಿದ್ದೇನೆ. ಎದೆಗೂ ಬೆನ್ನಿಗೂ ಹೊಳೆಯುವ ಪಟ್ಟಿ ಇದೆ. ಎಡಭುಜದ ಮೇಲೆ ಸಣ್ಣ ಜೇಬು, ಅದರಲ್ಲಿ ಟ್ರ್ಯಾಕರ್. ಫೋನ್ ಸಿಗ್ನಲ್ ಇಲ್ಲದ ಕಡೆಯೂ ಆ ಯಂತ್ರ ಅವನಿರುವ ಜಾಗವನ್ನು ಮನೆಯಲ್ಲಿರುವ ಅತ್ತಿಗೆಯ ಫೋನಿಗೆ ಚುಕ್ಕೆಯಾಗಿ ಕಳಿಸುತ್ತದೆ. ಅಪಾಯವಾದರೆ ಒತ್ತಲು ಅದರ ಮೇಲೊಂದು ಕೆಂಪು ಗುಂಡಿ ಇದೆ. ಅತ್ತಿಗೆ ಆ ಚುಕ್ಕೆ ನೋಡಿಕೊಂಡೇ ಭಾನುವಾರದ ಅಡುಗೆ ಮಾಡುತ್ತಾಳೆ. ಯಂತ್ರ ಬಿದ್ದುಹೋಗದಿರಲಿ ಎಂದು ಜೇಬಿಗೆ ಎರಡು ಸುತ್ತು ಹೊಲಿಗೆ ಹಾಕಿದವಳೂ ನಾನೇ.

ನಿನ್ನೆ ಭಾನುವಾರ ಬೆಳಿಗ್ಗೆ ಏಳಕ್ಕೆ ಪೆಟ್ರೋಲ್ ಬಂಕ್ ಬಳಿ ಸೇರಿದೆವು. ಹೊಸಬರೊಬ್ಬರು ಬಂದಿದ್ದರು, ಹಲ್ಲಿನ ಡಾಕ್ಟರ್, ಅವರೂ ಸೇರಿಯೇ ಹನ್ನೊಂದು ಜನ. ಅದು ಅವರ ಎರಡನೇ ಸವಾರಿ. ಹೆಲ್ಮೆಟ್‌ನಿಂದ ಬೂಟಿನವರೆಗೆ ಎಲ್ಲವೂ ಹೊಸದು, ಎಲ್ಲವೂ ಮಣ್ಣಿನ ಬಣ್ಣ. ಬೆಲೆಯ ಚೀಟಿ ಕಿತ್ತಿದ್ದೀರೋ ಇಲ್ಲವೋ ಎಂದು ನಾನು ಕೀಟಲೆ ಮಾಡಿದೆ. “ಈ ಬಣ್ಣದಲ್ಲಿ ಬಿದ್ರೆ ನಿಮ್ಮನ್ನ ಹುಡುಕೋಕೆ ಗುದ್ದಲಿ ತರಬೇಕಾಗುತ್ತೆ ಡಾಕ್ಟ್ರೇ” ಎಂದು ಅಣ್ಣ ಹೇಳಿದ. ಎಲ್ಲರೂ ನಕ್ಕೆವು, ಡಾಕ್ಟರೂ ನಕ್ಕರು.

ಮೂರನೇ ತಿರುವು ಬಂಕ್‌ನಿಂದ ಇಪ್ಪತ್ತಾರು ಕಿಲೋಮೀಟರ್ ದೂರದಲ್ಲಿದೆ. ಬಲಕ್ಕೆ ಹೋದರೆ ಗುಡ್ಡದ ಮೇಲಿನ ದಾರಿ. ಎಡಕ್ಕೆ ಹೋದರೆ ಕೆಲಸ ನಿಂತುಹೋದ ಕಲ್ಲು ಕ್ವಾರಿ, ಅಲ್ಲಿಗೆ ದಾರಿ ಮುಗಿಯುತ್ತದೆ. ಆ ತಿರುವಿನಲ್ಲಿ ನಿಲ್ಲುವ ಸರದಿ ನನ್ನದಾಯಿತು. ಆಗ ಹತ್ತಕ್ಕೆ ಇಪ್ಪತ್ತು ನಿಮಿಷ ಇತ್ತು. ಒಬ್ಬೊಬ್ಬರಾಗಿ ಬಂದವರಿಗೆ ಬಲಗಡೆ ಕೈ ತೋರಿಸಿದೆ. ಆಮೇಲೆ ಬಹಳ ಹೊತ್ತು ಯಾರೂ ಬರಲಿಲ್ಲ. ಆ ದಾರಿಯಲ್ಲಿ ಬೇರೆ ಕ್ವಾರಿಗಳ ಜಲ್ಲಿ ಲಾರಿಗಳು ಓಡಾಡುತ್ತವೆ, ಅವು ಎಬ್ಬಿಸಿದ ಧೂಳಿನಲ್ಲಿ ಎದುರಿನ ಮರವೂ ಕಾಣುತ್ತಿರಲಿಲ್ಲ. ಸುಮಾರು ಹತ್ತೂಕಾಲಿಗೆ ಧೂಳಿನೊಳಗೆ ಕಿತ್ತಳೆ ಬಣ್ಣ ಕಂಡಿತು. ನಾನು ಗಾಡಿ ಸ್ಟಾರ್ಟ್ ಮಾಡಿ ಬಲಕ್ಕೆ ಹೊರಟೆ.

ಇಲ್ಲಿ ಒಂದು ಮಾತನ್ನು ಬಿಡದೆ ಬರೆದುಕೊಳ್ಳಬೇಕು. ಅಣ್ಣ ನನ್ನನ್ನು ತಿರುವಿನಲ್ಲಿ ಕಂಡಾಗಲೆಲ್ಲ ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುತ್ತಾನೆ. ಸಣ್ಣವರಿದ್ದಾಗ ಸೈಕಲ್ ಬೆಲ್ ಹೊಡೆಯುತ್ತಿದ್ದ, ಅದೇ ಅಭ್ಯಾಸ. ನಿನ್ನೆ ಹಾರ್ನ್ ಕೇಳಲಿಲ್ಲ. ಕೇಳಲಿಲ್ಲ ಎಂಬುದು ನನ್ನ ಗಮನಕ್ಕೂ ಬಂತು. ವೈರ್ ಕಿತ್ತುಹೋಗಿರಬೇಕು, ಬೇರೆಯವರ ಗೇಟಿಗೆಲ್ಲ ವೆಲ್ಡಿಂಗ್ ಮಾಡುವವನಿಗೆ ಸ್ವಂತ ಗಾಡಿ ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು ಮುಂದೆ ಹೋದೆ.

ಗುಡ್ಡದ ಆಚೆಗಿರುವ ಟೀ ಅಂಗಡಿ ತಲುಪಿದಾಗ ಹನ್ನೊಂದೂವರೆ. ಅಲ್ಲಿ ಸಿಗ್ನಲ್ ಇದೆ. ನಾನು ನಲ್ಲಿಯಲ್ಲಿ ಮುಖ ತೊಳೆಯುತ್ತಿರುವಾಗ ಅತ್ತಿಗೆಯ ಫೋನ್ ಬಂತು. “ನಿಮ್ಮಣ್ಣ ಟೀ ಅಂಗಡಿಗೆ ಬಂದಿರೋದು ಕಾಣ್ತಿದೆ. ಫೋನ್ ಮಾತ್ರ ಎತ್ತಲ್ಲ. ಬಿಪಿ ಮಾತ್ರೆ ತಗೊಂಡ್ರಾ ಕೇಳೇ” ಎಂದಳು. ಇಲ್ಲೇ ಇದ್ದಾನೆ, ನನಗೆ ಬೆನ್ನು ಹಾಕಿ ಬೆಂಚಿನ ಮೇಲೆ ರಾಜನ ಹಾಗೆ ಕೂತಿದ್ದಾನೆ, ಕೊಡುತ್ತೇನೆ ತಾಳು ಎಂದೆ. ಒದ್ದೆ ಕೈಯಲ್ಲೇ ಹೋಗಿ ಕಿತ್ತಳೆ ಕೋಟಿನ ಹೆಗಲು ತಟ್ಟಿದೆ. ತಿರುಗಿದವರು ಹಲ್ಲಿನ ಡಾಕ್ಟರ್.

ಅತ್ತಿಗೆ ಇನ್ನೂ ಫೋನಿನಲ್ಲೇ ಇದ್ದಳು. “ಕೊಟ್ಯಾ? ಕೊಡು ಅವ್ರಿಗೆ” ಎನ್ನುತ್ತಿದ್ದಳು. ಅವಳಿಗೆ ಏನು ಹೇಳಿದೆನೋ ನನಗೆ ನೆನಪಿಲ್ಲ.

ಡಾಕ್ಟರ್ ಹೇಳಿದ್ದು ಇಷ್ಟು. ಮೂರನೇ ತಿರುವಿಗೆ ನಾಲ್ಕು ಕಿಲೋಮೀಟರ್ ಹಿಂದೆ ಅವರು ಮರಳಿನಲ್ಲಿ ಬಿದ್ದರು. ಪೆಟ್ಟಾಗಲಿಲ್ಲ, ಆದರೆ ಹ್ಯಾಂಡಲ್ ಮೇಲಿದ್ದ ಹೊಸ ಜಿಪಿಎಸ್ ಕಳಚಿ ಪೊದೆಯೊಳಗೆ ಎಲ್ಲೋ ಹಾರಿತು. ಹಿಂದೆ ಬಂದ ಅಣ್ಣ ಗಾಡಿ ಎತ್ತಿಕೊಟ್ಟ. ಮುಂದೆ ಲಾರಿಗಳ ದಾರಿ, ನಿಮ್ಮ ಬಟ್ಟೆ ಮಣ್ಣಿನ ಬಣ್ಣದ್ದು, ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ ಎಂದು ತನ್ನ ಕೋಟು ಬಿಚ್ಚಿ ಅವರಿಗೆ ತೊಡಿಸಿದ. “ನೀವು ಹೋಗ್ತಿರಿ, ನಾನು ನಿಮ್ಮ ಮಿಷಿನ್ ಹುಡುಕಿಕೊಂಡು ಹಿಂದೇನೇ ಬರ್ತೀನಿ” ಎಂದ. ತಿರುವುಗಳಲ್ಲಿ ನಿಂತವರೆಲ್ಲ ತನ್ನನ್ನು ಕಂಡೊಡನೆ ಹೊರಟುಹೋಗುತ್ತಿದ್ದುದು ಡಾಕ್ಟರಿಗೆ ವಿಚಿತ್ರ ಎನಿಸಿತಂತೆ. ಕೋಟು ಹಾಕಿಕೊಂಡವನೇ ಬಾಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಎಂಟು ವರ್ಷದಿಂದ ನಮಗೆಲ್ಲ ಗೊತ್ತಿದ್ದ ಸಂಗತಿ, ಅದನ್ನು ಹೇಳಬೇಕು ಎಂದೇ ನಮಗೆ ಹೊಳೆದಿರಲಿಲ್ಲ.

ಆಗ ನಾನು ಡಾಕ್ಟರ ಕೊರಳಪಟ್ಟಿ ಹಿಡಿದದ್ದು ನಿಜ. ಬಾಯಿಗೆ ಬಂದಂತೆ ಬೈದದ್ದೂ ನಿಜ.

ಹತ್ತೂ ಜನ ಬಂದ ದಾರಿಯಲ್ಲೇ ಹಿಂದಕ್ಕೆ ಹೋದೆವು. ಅಣ್ಣನ ಫೋನ್ ಸಿಗ್ನಲ್ ಇಲ್ಲದ ಕಡೆ ಇತ್ತು, ಕೆಂಪು ಗುಂಡಿ ಡಾಕ್ಟರ ಹೆಗಲ ಮೇಲಿತ್ತು. ಡಾಕ್ಟರ್ ಬಿದ್ದ ಜಾಗದಲ್ಲಿ ಪೊದೆ ತುಳಿದ ಗುರುತಿತ್ತು, ಅಣ್ಣ ಇರಲಿಲ್ಲ. ಮೂರನೇ ತಿರುವಿನಿಂದ ಅಲ್ಲಿಯವರೆಗಿನ ಎರಡೂ ಬದಿಯ ಹಳ್ಳ ನೋಡಿದೆವು. ಲಾರಿ ನಿಲ್ಲಿಸಿ ಡ್ರೈವರ್‌ಗಳನ್ನು ಕೇಳಿದೆವು. ಲಾರಿಯಡಿ ಏನಾದರೂ ಸಿಕ್ಕಿದ್ದರೆ ಗೊತ್ತಾಗುತ್ತಿತ್ತು ಎಂದು ಒಬ್ಬ ಹೇಳಿದ, ಅವನನ್ನು ಹೊಡೆಯುವಷ್ಟು ಕೋಪ ಬಂತು. ಎಡಗಡೆಯ ಕ್ವಾರಿ ದಾರಿಯನ್ನು ನೋಡೋಣವೇ ಎಂದು ಯಾರೋ ಕೇಳಿದರು. ಅಲ್ಲಿ ದಾರಿಯೇ ಇಲ್ಲವೆಂದು ಅವನಿಗೆ ಗೊತ್ತು, ಹತ್ತಾರು ಸಲ ಇಲ್ಲಿ ಬಂದಿದ್ದಾನೆ, ಅವನು ಆ ಕಡೆ ಯಾಕೆ ಹೋಗುತ್ತಾನೆ ಎಂದು ದಿಕ್ಸೂಚಿ ಹೇಳಿದರು. ನನಗೂ ಅದೇ ಸರಿ ಎನಿಸಿತು. ಮೂರು ಗಂಟೆಗೆ ಅವರು ಸಿಗ್ನಲ್ ಇರುವ ಕಡೆ ಹೋಗಿ ಠಾಣೆಗೆ ಫೋನ್ ಮಾಡಿದರು. ಕತ್ತಲಾಗುವ ಮೊದಲು ಇನ್ನೊಂದು ಸಲ ನೋಡೋಣವೆಂದು ನಾನು ಮತ್ತೆ ಹಳ್ಳದ ಬದಿಗೆ ಹೋದೆ.

ನಾಲ್ಕು ಗಂಟೆ ದಾಟಿದ ಮೇಲೆ ನಾನೊಬ್ಬಳೇ ಮೂರನೇ ತಿರುವಿಗೆ ಬಂದೆ. ಅಲ್ಲಿ ನಿಂತದ್ದು ಹುಡುಕಲು ಅಲ್ಲ, ಅಳು ಬಂದಿತ್ತು. ಹೆಲ್ಮೆಟ್ ಒಳಗೆ ಅಳಲು ಆಗುವುದಿಲ್ಲ, ಗಾಜು ಮಂಜಾಗಿ ದಾರಿ ಕಾಣುವುದಿಲ್ಲ. ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ಟ್ಯಾಂಕಿನ ಮೇಲಿಟ್ಟು, ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತು ಅತ್ತೆ. ಆಗ ಎಡಗಡೆಯಿಂದ ಸೀಟಿ ಕೇಳಿತು. ಚಿಕ್ಕದಾಗಿ ಎರಡು ಸಲ. ನಿಂತಿತು. ಮತ್ತೆ ಎರಡು ಸಲ.

ಬೆನ್ನಿಗೆ ಹಾಕುವ ನೀರಿನ ಚೀಲದ ಎದೆಪಟ್ಟಿಯ ಬಕಲ್‌ನಲ್ಲಿ ಒಂದು ಸಣ್ಣ ಸೀಟಿ ಇರುತ್ತದೆ. ನಮ್ಮೆಲ್ಲರ ಚೀಲದಲ್ಲೂ ಇದೆ. ಅದನ್ನು ನಾನು ಆಟಿಕೆ ಎಂದುಕೊಂಡಿದ್ದೆ. ನಿನ್ನೆ ನಾವು ಆ ತಿರುವನ್ನು ಕಡಿಮೆಯೆಂದರೂ ಐದು ಸಲ ದಾಟಿದ್ದೆವು, ಪ್ರತಿ ಸಲವೂ ತಲೆಯ ಮೇಲೆ ಹೆಲ್ಮೆಟ್, ಕಾಲ ಕೆಳಗೆ ಎಂಜಿನ್. ಅವನು ಆಗಿನಿಂದಲೂ ಊದುತ್ತಲೇ ಇದ್ದ.

ನಾನು ಹಾರ್ನ್ ಎರಡು ಸಲ ಹೊಡೆದು ಎಡಕ್ಕೆ ಓಡಿದೆ. ಅಂದಾಜು ಮುನ್ನೂರು ಮೀಟರ್ ಒಳಗೆ, ಜಲ್ಲಿ ರಾಶಿಯ ಹಿಂದೆ ಅವನ ಬೈಕ್ ಸ್ಟ್ಯಾಂಡ್ ಹಾಕಿ ನಿಂತಿತ್ತು. ಕ್ವಾರಿಯ ಅಂಚಿನಲ್ಲಿ ಯಾರದೋ ಹಳೆಯ ಟೈರ್ ಜಾರಿದ ಗುರುತು ಇತ್ತು, ಅದು ನಮ್ಮವರದಲ್ಲ. ಇಪ್ಪತ್ತು ಅಡಿ ಕೆಳಗೆ, ಒಡೆದ ಕಲ್ಲುಗಳ ಮೇಲೆ ಅಣ್ಣ ಬಿದ್ದಿದ್ದ. ಬೂಟು, ಮೊಣಕಾಲಿನ ಕವಚ ಇದ್ದಷ್ಟು ಜಾಗ ಉಳಿದಿದೆ, ಅವು ಮುಗಿಯುವ ಕಡೆ, ಅದರ ಮೇಲ್ಗಡೆ ತೊಡೆಯ ಮೂಳೆ ಮುರಿದಿದೆ. ಬೆನ್ನಿನ ಕವಚ ಎರಡು ಹೋಳಾಗಿತ್ತು. ಅದು ಒಡೆಯದಿದ್ದರೆ ಬೆನ್ನುಮೂಳೆ ಒಡೆಯುತ್ತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಜಾಕೆಟ್ಟಿನ ಒಳಜೇಬಿನಲ್ಲಿ ಡಾಕ್ಟರ ಜಿಪಿಎಸ್ ಇತ್ತು, ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ನಾನು ಜಾರಿಕೊಂಡು ಕೆಳಗಿಳಿದೆ. ಅವನು ನನ್ನ ಮುಖವನ್ನು, ಕೈಕಾಲುಗಳನ್ನು ನೋಡಿದ. ಸೀಟಿ ಊದಿ ಊದಿ ಅವನ ತುಟಿ ಒಡೆದು ರಕ್ತವಾಗಿತ್ತು.

“ನೀನು ಬಿದ್ದಿಲ್ವಾ?” ಎಂದು ಕೇಳಿದ.

ತಿರುವಿಗೆ ಬಂದಾಗ ಯಾರೂ ಇರಲಿಲ್ಲವಂತೆ. ಬೇರೆ ಯಾರಾದರೂ ನಿಂತಿದ್ದರೆ ಬೇಸತ್ತು ಹೋಗಿರಬಹುದು ಎಂದುಕೊಳ್ಳುತ್ತಿದ್ದನಂತೆ. ಆದರೆ ಬೆಳಿಗ್ಗೆ ಹೊರಟ ಸಾಲಿನ ಲೆಕ್ಕದಲ್ಲಿ ಅಲ್ಲಿ ನಿಲ್ಲುವವಳು ನಾನು ಎಂದು ಅವನಿಗೆ ಗೊತ್ತಿತ್ತು, ನಾನು ಅವನನ್ನು ಬಿಟ್ಟು ಕದಲುವವಳಲ್ಲ. ಹಾಗಾದರೆ ನನಗೇ ಏನೋ ಆಗಿದೆ ಎಂದು ಎಡಗಡೆ ಹುಡುಕಲು ಹೋದ. ಟೈರ್ ಜಾರಿದ ಗುರುತು ನೋಡಿ ನಾನೇ ಕೆಳಗೆ ಬಿದ್ದಿದ್ದೇನೆ ಎಂದುಕೊಂಡು, ನನ್ನನ್ನು ಕೂಗುತ್ತಾ ಇಳಿಯುವಾಗ ಕಾಲಡಿಯ ಕಲ್ಲು ಜಾರಿತು. ಕೋಟು ನೋಡಿ ಹೊರಟುಬಿಟ್ಟೆ ಅಣ್ಣ, ಒಳಗೆ ಯಾರಿದ್ದಾರೆ ಎಂದು ನೋಡಲಿಲ್ಲ ಎಂದು ನಾನು ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ. “ಸದ್ಯ, ಬಿದ್ದಿಲ್ವಲ್ಲ” ಎಂದ.

ನನ್ನ ಹಾರ್ನ್ ಕೇಳಿ ಮೊದಲು ಬಂದವರು ಡಾಕ್ಟರ್. ಅಣ್ಣನ ಕಾಲಿಗೆ ಪಟ್ಟಿ ಕಟ್ಟಿ, ಆಂಬುಲೆನ್ಸ್‌ನಲ್ಲಿ ಉದ್ದಕ್ಕೂ ಆ ಕಾಲನ್ನು ಹಿಡಿದುಕೊಂಡೇ ಬಂದವರು ಅವರು. ಈಗಲೂ ಆಪರೇಷನ್ ಕೋಣೆಯ ಹೊರಗೆ ಅದೇ ಮಣ್ಣಿನ ಬಟ್ಟೆಯಲ್ಲಿ ಕೂತಿದ್ದಾರೆ. ಅವರ ಮೇಲೆ ದೂರು ಕೊಡಬೇಕೆಂದು ಅತ್ತಿಗೆ ಹೇಳುತ್ತಿದ್ದಾಳೆ, ಅವಳ ಸಂಕಟ ನನಗೆ ಗೊತ್ತು. ಆದರೆ ಕೋಟನ್ನು ಅವರು ತೆಗೆದುಕೊಂಡದ್ದಲ್ಲ, ಅಣ್ಣನೇ ತೊಡಿಸಿದ್ದು. ನನ್ನ ದೂರು ಯಾರ ಮೇಲೂ ಇಲ್ಲ.

ಆ ಕೋಟು ಸದ್ಯ ನಿಮ್ಮ ವಶದಲ್ಲಿದೆ. ಅದರ ಜೇಬಿನ ಟ್ರ್ಯಾಕರ್ ಇನ್ನೂ ನಡೆಯುತ್ತಿದೆ. ದಯವಿಟ್ಟು ಅದನ್ನು ಆರಿಸಿ. ಅಣ್ಣ ಆಪರೇಷನ್ ಕೋಣೆಯಲ್ಲಿದ್ದರೂ ಅತ್ತಿಗೆಯ ಫೋನಿನಲ್ಲಿ ಅವನು ರಾತ್ರಿಯಿಂದ ಪೊಲೀಸ್ ಠಾಣೆಯಲ್ಲೇ ಕೂತಿದ್ದಾನೆ.

ಕೊನೆಯದಾಗಿ, ನಿನ್ನೆ ಸಂಜೆ ಬರೆದುಕೊಂಡ ವರದಿಯಲ್ಲಿ ಗಾಯಾಳು ದಾರಿ ತಪ್ಪಿ ಕ್ವಾರಿಗೆ ಬಿದ್ದನೆಂದು ಇರುವುದನ್ನು ನನಗೆ ಓದಿ ಹೇಳಿದರು. ಅದನ್ನು ತಿದ್ದಬೇಕು. ಅವನಿಗೆ ದಾರಿ ಗೊತ್ತಿತ್ತು, ದಾರಿ ತೋರಿಸುವ ಯಂತ್ರವೂ ಜೇಬಿನಲ್ಲಿತ್ತು. ಅವನು ದಾರಿ ತಪ್ಪಲಿಲ್ಲ. ತಂಗಿಯನ್ನು ಹುಡುಕಲು ದಾರಿ ಬಿಟ್ಟು ಹೋದ ಎಂದು ಬರೆಯಿರಿ.

ನಾನು ಹೇಳಿದ್ದನ್ನು ನನ್ನೆದುರೇ ಬರೆದು, ಓದಿ ಕೇಳಿಸಿದ್ದಾರೆ. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನ: ಸೋಮವಾರ, ಬೆಳಿಗ್ಗೆ
(ಸಹಿ)
ಗಾಯಾಳುವಿನ ತಂಗಿ