ಸೂಜಿಮೊನೆ ಸಿಗುವ ತನಕ

ನನ್ನ ಹೆಸರು ಚಿಕ್ಕಮಾದಮ್ಮ ಕೋಂ ಸಣ್ಣಯ್ಯ, ವಯಸ್ಸು 44 ವರ್ಷ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ, ವಾಸ ಹೆಮ್ಮಿಗೆ ಗ್ರಾಮ, ತಿ. ನರಸೀಪುರ ತಾಲ್ಲೂಕು, ಮೈಸೂರು ಜಿಲ್ಲೆ. ಆಸ್ಪತ್ರೆಯ ವಾರ್ಡಿನಲ್ಲಿ ಪೊಲೀಸಿನವರಾದ ತಮ್ಮ ಮುಂದೆ ಕುಳಿತು ನಾನು ಹೇಳಿ ಬರೆಸುತ್ತಿರುವುದು ಏನೆಂದರೆ, ನನ್ನ ಓರಗಿತ್ತಿ, ಅಂದರೆ ಮೈದುನ ಕುಮಾರನ ಹೆಂಡತಿ ವನಿತಾ, ವಯಸ್ಸು 26, ಇವಳ ಬಲಗೈ ತೋರುಬೆರಳಿಗೆ ಪೆಟ್ಟಾಗಿದ್ದು ಫ್ಯಾಕ್ಟರಿಯಲ್ಲಿ. ಮನೆಯಲ್ಲಿ ಅಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಮನೆಯಲ್ಲಿ ಎಂದು ಬರೆದಿದೆ. ಹಾಗೆ ಹೇಳಿದವಳು ವನಿತಾಳೇ. ಯಾಕೆ ಹೇಳಿದಳು ಎಂಬುದನ್ನು ಮುಂದೆ ಹೇಳುತ್ತೇನೆ.

ನಾವಿಬ್ಬರೂ ನಂಜನಗೂಡು ಕೈಗಾರಿಕಾ ಪ್ರದೇಶದ ಹೊನ್ನದಾರ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇವೆ. ತಿ. ನರಸೀಪುರ ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಕಂಪನಿ ವ್ಯಾನಿನಲ್ಲಿ ಹೋಗುತ್ತೇವೆ. ಅವಳನ್ನು ಕೆಲಸಕ್ಕೆ ಸೇರಿಸಿದ್ದು ನಾನೇ. ನಮ್ಮ ಲೈನಿನಲ್ಲಿ ಹೊರದೇಶದ ಹಸುಗೂಸುಗಳ ಬಟ್ಟೆ ಹೊಲಿಯುತ್ತೇವೆ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ತಂದು ಒಪ್ಪಿಸಿದ ಮೇಲೆಯೇ ಹೊಸ ಸೂಜಿ ಕೊಡುತ್ತಾರೆ. ಚೂರುಗಳನ್ನು ಒಂದು ಕಾಗದಕ್ಕೆ ಟೇಪು ಹಾಕಿ ಅಂಟಿಸಿಡುತ್ತಾರೆ. ಒಂದು ಚೂರು ಕಡಿಮೆಯಾದರೂ ಲೈನ್ ನಿಲ್ಲಬೇಕು. ಬಟ್ಟೆಯಲ್ಲಿ ಸೇರಿಕೊಂಡ ಸೂಜಿ ಯಾವ ಮಗುವಿಗೂ ಚುಚ್ಚಬಾರದು ಎಂದು ಈ ಕಾನೂನು. ಒಳ್ಳೆಯ ಕಾನೂನೇ, ನಾನು ಬೇಡ ಎನ್ನುವುದಿಲ್ಲ. ನಾನೂ ಮಕ್ಕಳನ್ನು ಹೆತ್ತವಳು.

ದಿನಾಂಕ 12-11-2024, ಮಂಗಳವಾರ. ಮಾರನೆಯ ದಿನ ಬಟ್ಟೆ ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುವವರಿದ್ದರು. ನಮ್ಮ ಫ್ಲೋರ್ ಇನ್‌ಚಾರ್ಜ್ ನಂಜುಂಡೇಶ್ ರವರು ಬೆಳಿಗ್ಗೆಯಿಂದ ನಮ್ಮ ಬೆನ್ನ ಹಿಂದೆಯೇ ಓಡಾಡುತ್ತಿದ್ದರು. ಬಾತ್‌ರೂಮಿಗೆ ಎದ್ದವರನ್ನು ಎರಡು ಸಲ ವಾಪಸ್ ಕೂರಿಸಿದ್ದರು. ಮಧ್ಯಾಹ್ನ ಸುಮಾರು ಮೂರು ಗಂಟೆಗೆ ವನಿತಾಳ ಮಿಷನ್ನಿನ ಸೂಜಿ ಅವಳ ಬೆರಳೊಳಗೆ ಇಳಿದು ಮುರಿಯಿತು. ಅವಳು ಕೂಗಲಿಲ್ಲ. ಹೊಲಿಯುತ್ತಿದ್ದದ್ದು ಬಿಳಿ ಬಟ್ಟೆ. ನಮ್ಮಲ್ಲಿ ಬಟ್ಟೆಗೆ ರಕ್ತ ತಾಗಿಸಿದವರು ಅದನ್ನೇ ಕೊರಳಿಗೆ ಹಾಕಿಕೊಂಡು ಎಲ್ಲರ ಮುಂದೆ ನಿಲ್ಲಬೇಕು. ನಾನು ಹಾಗೆ ನಿಂತದ್ದನ್ನು ಅವಳು ನೋಡಿದ್ದಳು. ಆದ್ದರಿಂದ ಬೆರಳಿಗೆ ಚಿಂದಿ ಸುತ್ತಿ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ಅವಳು ಮಾಡಿದ ತಪ್ಪು ಎಂದರೆ ಇದೊಂದೇ. ಬಟ್ಟೆ ಉಳಿಸಿದಳು.

ಮುರಿದ ಸೂಜಿಯನ್ನು ಒಪ್ಪಿಸಲು ಹೋದಾಗ ಮೊನೆ ಇರಲಿಲ್ಲ. ನಂಜುಂಡೇಶ್ ರವರು ಲೈನ್ ನಿಲ್ಲಿಸಿದರು. ಮೊನೆ ಸಿಗೋಗಂಟ ಒಬ್ಳೂ ಗೇಟ್ ದಾಟಂಗಿಲ್ಲ ಎಂದು ಕೂಗಿದರು. ನಾವು ನಲವತ್ತು ಹೆಂಗಸರು ಮಿಷನ್ನುಗಳ ಅಡಿಯಲ್ಲಿ ತೆವಳಿಕೊಂಡು ಹುಡುಕಿದೆವು. ಕೋಲಿಗೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆಲ್ಲ ಆಡಿಸಿದೆವು. ನಮ್ಮ ತಲೆಗೂದಲನ್ನೂ ಬಿಚ್ಚಿಸಿ ಒದರಿಸಿದರು. ಆಗ ವನಿತಾ ನನ್ನ ಹತ್ತಿರ ಬಂದು ಚಿಂದಿ ಬಿಚ್ಚಿ ತೋರಿಸಿದಳು. "ಅಕ್ಕ, ಅದು ಒಳಗೇ ಅದೆ ಕನಕ್ಕ, ಬೆರಳು ಮಡ್ಸಕಾಯ್ತಿಲ್ಲ" ಎಂದಳು. ಅವಳನ್ನು ಕರೆದುಕೊಂಡು ನಂಜುಂಡೇಶ್ ರವರ ಬಳಿಗೆ ಹೋದೆ.

ಅವರು ನಂಬಲಿಲ್ಲ. ಬೇಗ ಮನೆಗೆ ಹೋಗಲು ನಾಟಕ ಎಂದರು. ಹೊಲಿದ ಬಟ್ಟೆಯಲ್ಲಿ ಲೋಹ ಇದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಮಿಷನ್ ಇದೆ. ಅದರಲ್ಲಿ ಕೈ ಇಡು ಎಂದರು. ಮೊದಲು ಉಂಗುರ ಬಿಚ್ಚಿಸಿದರು. ಅವಳು ಕೈ ಇಟ್ಟಳು. ಮಿಷನ್ ಕೂಗಿತು. ಇನ್ನೊಂದು ಸಲ ಇಡಿಸಿದರು. ಮತ್ತೆ ಕೂಗಿತು. ಈಗಲಾದರೂ ವ್ಯಾನ್ ಕರೆಸುತ್ತಾರೆ ಎಂದುಕೊಂಡೆ. ಅವರ ಮುಖದಲ್ಲಿ ನೆಮ್ಮದಿ ಕಂಡಿತು. ಸದ್ಯ ಸಿಕ್ತಲ್ಲ ಎಂದರು. ನೋಯುತ್ತಿದೆಯೇ ಎಂದು ಕೇಳಲಿಲ್ಲ. ಇದನ್ನು ಬರೆಯುವ ಅಗತ್ಯವಿಲ್ಲ ಎಂದು ತಾವು ಹೇಳಿದಿರಿ, ದಯವಿಟ್ಟು ಬರೆಯಿರಿ.

ಆಸ್ಪತ್ರೆಗೆ ಕಳಿಸಿ ಸಾ ಎಂದು ನಾನು ಕೈ ಮುಗಿದೆ. ಆಸ್ಪತ್ರೆಯವರು ಮೊನೆಯನ್ನು ಬಿಸಾಡಿದರೆ ಕಾಗದಕ್ಕೆ ಏನು ಅಂಟಿಸಲಿ, ನಾಳೆ ಬರುವವರಿಗೆ ಏನು ತೋರಿಸಲಿ ಎಂದು ಅವರು ನನ್ನನ್ನೇ ಕೇಳಿದರು. ಮೆಕ್ಯಾನಿಕ್ ಡಬ್ಬಿಯಲ್ಲಿದ್ದ, ಎಣ್ಣೆ ಮೆತ್ತಿದ್ದ ಚಿಮಟ ತರಿಸಿದರು. ವನಿತಾಳನ್ನು ಸ್ಟೂಲಿನ ಮೇಲೆ ಕೂರಿಸಿ ಅವರೇ ಬೆರಳು ಕೆದಕಿದರು. ಅವಳು ನನ್ನ ಸೆರಗನ್ನು ಕಚ್ಚಿಕೊಂಡಿದ್ದಳು. ಪಕ್ಕದ ಮಿಷನ್ನಿನ ಚಿನ್ನಮ್ಮ ನೋಡಲಾರದೆ ಗೋಡೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಒಂದು ಚೂರು ಬಂತು. ಅದನ್ನು ಒರೆಸಿ ಕಾಗದಕ್ಕೆ ಅಂಟಿಸಿ, ಸರಿಹೋಯಿತು, ಲೈನ್ ಶುರು ಮಾಡಿ ಎಂದರು. ವನಿತಾಳಿಗೆ ಒಂದು ಪ್ಲಾಸ್ಟರ್ ಕೊಟ್ಟು ಮತ್ತೆ ಮಿಷನ್ನಿಗೆ ಕೂರಿಸಿದರು. ಒಳಗೆ ಇನ್ನೂ ಚೂರು ಉಳಿದಿತ್ತು ಎಂಬುದು ನಮಗೆ ಗೊತ್ತಿರಲಿಲ್ಲ.

ಬುಧವಾರ ಮತ್ತು ಗುರುವಾರ ಅವಳು ಕೆಲಸಕ್ಕೆ ಬಂದಳು. ಎರಡು ದಿನದ ತಪಾಸಣೆ ಮುಗಿಯುವ ತನಕ ಯಾರಿಗೂ ರಜೆ ಇಲ್ಲ ಎಂದಿದ್ದರು. ಬೆರಳು ಊದಿ ಕಪ್ಪಾಯಿತು. ಆಸ್ಪತ್ರೆಯಲ್ಲಿ ಫ್ಯಾಕ್ಟರಿಯ ಹೆಸರು ಎತ್ತಿದರೆ ಓರಗಿತ್ತಿಯರಿಬ್ಬರೂ ನಾಳೆಯಿಂದ ವ್ಯಾನ್ ಹತ್ತಬೇಡಿ ಎಂದು ನಂಜುಂಡೇಶ್ ರವರು ಅವಳಿಗೆ ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಅವಳು ಜ್ವರ ಬಂದು ನಡುಗುತ್ತಿದ್ದಳು. ಇಲ್ಲಿಗೆ ಕರೆತಂದೆವು. ಕೊಳೆತಿದೆ, ತುದಿಯ ಗೆಣ್ಣನ್ನು ತೆಗೆಯದಿದ್ದರೆ ಕೈಗೆ ಏರುತ್ತದೆ ಎಂದು ಡಾಕ್ಟರು ಹೇಳಿ ತೆಗೆದರು. ಹೇಗಾಯಿತು ಎಂದು ಕೇಳಿದಾಗ ಮನೆಯ ಹೊಲಿಗೆ ಮಿಷನ್ನಿನಲ್ಲಿ ಎಂದಳು. ನನ್ನ ಕೆಲಸ ಉಳಿಯಲಿ ಎಂದು ಹಾಗೆ ಹೇಳಿದಳು. ಸ್ವಾಮಿ, ನಮ್ಮ ಮನೆಯಲ್ಲಿ ಹೊಲಿಗೆ ಮಿಷನ್ನೇ ಇಲ್ಲ. ಯಾವಾಗ ಬೇಕಾದರೂ ಬಂದು ನೋಡಬಹುದು.

ಈ ದಿನ ಬೆಳಿಗ್ಗೆ ಸುಮಾರು ಹತ್ತು ಗಂಟೆಗೆ ಕಂಪನಿ ಆಫೀಸಿನ ಶಿವಸ್ವಾಮಿ ರವರು ಕಿತ್ತಳೆ ಹಣ್ಣು ತೆಗೆದುಕೊಂಡು ಬಂದರು. ಮನೆಯಲ್ಲಾಯಿತು ಅನ್ನುವುದನ್ನೇ ಉಳಿಸಿಕೊಳ್ಳಿ, ಕೆಲಸಕ್ಕೆ ತೊಂದರೆ ಬರುವುದಿಲ್ಲ ಎಂದು ಮೆತ್ತಗೆ ಹೇಳಿದರು. ನಂತರ, ಡಾಕ್ಟರು ಬೆರಳಿಂದ ತೆಗೆದ ಚೂರು ಎಲ್ಲಿದೆ ಎಂದು ಕೇಳಿದರು. ಡಾಕ್ಟರು ಅದನ್ನು ಸಣ್ಣ ಶೀಷೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಅದು ಕಂಪನಿಯ ವಸ್ತು, ಕೊಡಬೇಕು ಎಂದರು. "ಬೆರಳೂ ಕಂಪ್ನಿದೇಯಾ ಸಾ? ಅದ್ನೂ ಕೇಳಿ ಇಸ್ಕೊಂಡೋಗಿ" ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಸೂಜಿಯ ಲೆಕ್ಕದಲ್ಲಿ ಒಂದು ಚೂರು ಕಡಿಮೆ ಎಂದು ಈಗ ಗೊತ್ತಾಗಿದೆ, ಅದು ಬಾರದಿದ್ದರೆ ಸೋಮವಾರ ಲೈನ್ ಶುರುವಾಗುವುದಿಲ್ಲ, ನಲವತ್ತು ಜನ ನಿಮ್ಮಿಬ್ಬರನ್ನು ಶಪಿಸುತ್ತಾರೆ ಎಂದು ಹೇಳಿದರು.

ಅದನ್ನು ಕೇಳಿ ವನಿತಾ ಮಂಚದ ಮೇಲಿಂದ, "ಕೊಟ್ಬುಡಕ್ಕ. ನನ್ ದೆಸೆಯಿಂದ ಅವ್ರ್ಯಾಕೆ ನಿಂತ್ಕಬೇಕು" ಎಂದಳು. ನಾನು ಅತ್ತೆ. ಬೆರಳು ತೆಗೆದಾಗಲೂ ಅಷ್ಟು ಅತ್ತಿರಲಿಲ್ಲ.

ನಾನು ಕೊಡಲಿಲ್ಲ. ಆ ಶೀಷೆಯನ್ನು ನರ್ಸಮ್ಮನವರ ಎದುರಿಗೆ ತಮಗೆ ಒಪ್ಪಿಸಿದ್ದೇನೆ. ಕೇಸು ನಂಜನಗೂಡಿನ ಠಾಣೆಗೆ ಸೇರುತ್ತದೆ ಎಂದು ತಾವು ಹೇಳಿದಿರಿ. ಎಲ್ಲಿಗಾದರೂ ಸೇರಲಿ, ಘಟನೆ ನಡೆದ ಸ್ಥಳ ಫ್ಯಾಕ್ಟರಿ ಎಂದು ಇರಬೇಕು. ಸೋಮವಾರದಿಂದ ನನಗೆ ಕೆಲಸ ಇಲ್ಲ ಎಂಬುದು ಗೊತ್ತು. ಮನೆಯಲ್ಲಿ ಇಬ್ಬರ ದುಡಿಮೆಯೂ ನಿಂತರೆ ಏನು ಮಾಡುವುದು ಎಂದು ನನಗೆ ತಿಳಿಯುತ್ತಿಲ್ಲ. ಆದರೆ ಅವಳು ತನ್ನ ಬೆರಳಿನ ಬಗ್ಗೆ ತಾನೇ ಸುಳ್ಳು ಹೇಳಿಕೊಂಡು ಬದುಕುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ, ನಾನು ಹೇಳಿದ ಹಾಗೆಯೇ ಇದೆ, ನಿಜವಾಗಿದೆ. ಇದನ್ನು ಹೇಳು ಎಂದು ನನ್ನನ್ನು ಯಾರೂ ಬಲವಂತ ಮಾಡಿಲ್ಲ. ಹೇಳಬೇಡ ಎಂದು ಮಾಡಿದ್ದಾರೆ. ಓದುವಾಗ ವನಿತಾಳೂ ಕೇಳಿಸಿಕೊಂಡಳು. "ಫ್ಯಾಕ್ಟ್ರೀಲೇ ಆಗಿದ್ದು, ಬರ್ಕೊಳಿ ಸಾ" ಎಂದು ತಾನೂ ಹೇಳಿದಳು. ಬಲಗೈಗೆ ಬ್ಯಾಂಡೇಜ್ ಇರುವುದರಿಂದ ಪೆನ್ನು ಹಿಡಿಯಲಾಗಲಿಲ್ಲ.

ಸ್ಥಳ: ತಿ. ನರಸೀಪುರ
ದಿನಾಂಕ: 16-11-2024

ಸಹಿ: ಚಿಕ್ಕಮಾದಮ್ಮ

ಎಡಗೈ ಹೆಬ್ಬೆಟ್ಟಿನ ಗುರುತು: ವನಿತಾ ಕೋಂ ಕುಮಾರ, ಎಸ್ಸೆಸ್ಸೆಲ್ಸಿ ಪಾಸ್, ಓದು ಬರಹ ಬಲ್ಲವಳು