ಬರ್ತೇನೆ ಎಂದು ಹೋದವರು

೧೯೬೧ರ ಬೇಸಿಗೆ. ಪುತ್ತೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಜವಳಿ ವ್ಯಾಪಾರಿ ಆದಂ ಕುಂಞಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲೊಬ್ಬ ಮುದುಕ ಕುಳಿತಿದ್ದ. ಕಡಬದ ಬಸ್ಸಿಗೆಂದು ಬಂದ ಹೆಂಗಸೊಬ್ಬಳು ಆ ಮುದುಕನ ಎದುರು ನಿಂತಳು.

"ಪದ್ಮಯ್ಯಣ್ಣ, ನನ್ನನ್ನು ಕಂಡು ಕೊಡೆಯ ಮರೆಗೆ ಹೋಗುದು ಎಂತಕ್ಕೆ?"

"ನಿನ್ನ ಅಣ್ಣ ಜತ್ತಪ್ಪನಿಗೆ ಮುಖ ತೋರಿಸ್ಲಿಕ್ಕೆ ನಾಚಿಕೆ, ತಿಮ್ಮಕ್ಕ. ಅವನ ಹೆಂಡತಿ ತೀರಿಕೊಂಡ ದಿನ ನಾನು ಮಾಡಿದ್ದು ಊರಿಗೇ ಗೊತ್ತುಂಟಲ್ಲ."

"ಎಂತ ಮಾಡಿದ್ದು?"

"ಹೊರಡುವಾಗ ಬಾಯಿತಪ್ಪಿ 'ಬರ್ತೇನೆ' ಅಂದೆ. ಸಾವಿನ ಮನೆಯಲ್ಲಿ ಹಾಗೆ ಹೇಳ್ಲಿಕ್ಕುಂಟಾ? ಮಾತಾಡದೆ ಅಂಗಳ ಇಳಿಯಬೇಕು. ಇನ್ನೊಂದು ಸಾವಿಗೆ ಬರ್ತೇನೆ ಅಂದ ಹಾಗಾಯ್ತು."

"ನೆರೆಯವರು ಬೈದದ್ದು ಹೌದು. ಅಣ್ಣ ಬೈಲಿಲ್ಲ."

"ಮತ್ತೆ ಎಂತ ಹೇಳಿದ?"

"ಎಲ್ಲರೂ ಸುಮ್ಮನೆ ಹೋದರು, ಪದ್ಮಯ್ಯ ಒಬ್ಬನೇ ಬರ್ತೇನೆ ಅಂದದ್ದು ಅಂತ. ಈಗ ಸಂಜೆಯಾದರೆ ಜಗಲಿಯಲ್ಲಿ ಎರಡು ಮಣೆ ಹಾಕ್ತಾರೆ. ಎಲೆ-ಅಡಿಕೆಯ ತಟ್ಟೆ ಮುಂದಿಟ್ಟು ನಿಮ್ಮ ದಾರಿ ನೋಡ್ತಾರೆ."

ಪದ್ಮಯ್ಯ ಕೊಡೆಯನ್ನು ಮುಖದಿಂದ ಕೆಳಗಿಳಿಸಿದ.

"ನಾನು ಬಂದು ಎಂತ ಹೇಳುದು, ಮಾರಾಯ್ತಿ?"

"ಎಂತದೂ ಬೇಡ. ನೀವು ಮಾತಾಡಿದರೆ ಎಂತಾಗ್ತದೆ ಅಂತ ನೋಡಿ ಆಗಿದೆ. ಕೂತು ಎಲೆ ತಿನ್ನಿ, ಸಾಕು."

"ನಾನು ಹೊರಟದ್ದು ಸುಳ್ಯಕ್ಕೆ."

"ಸುಳ್ಯ ನಾಳೆಯೂ ಉಂಟು."

ಕಡಬದ ಬಸ್ಸು ಬಂದು ನಿಂತಿತು. ತಿಮ್ಮಕ್ಕ ಹತ್ತಿದಳು. ಪದ್ಮಯ್ಯ ಎದ್ದು ಕೊಡೆ ಮಡಚಿದ. ಎರಡು ಹೆಜ್ಜೆ ಹೋದವನು ಅಭ್ಯಾಸಬಲದಿಂದ, ಗುರುತೇ ಇಲ್ಲದ ಆದಂ ಕುಂಞಿಯ ಕಡೆ ತಿರುಗಿದ.

"ಬರ್ತೇನೆ," ಎಂದ.

"ಬನ್ನಿ," ಎಂದ ಆದಂ ಕುಂಞಿ.