ಬೆಟ್ಟದಲ್ಲಿ ಬರೀ ಬೆನ್ನು

ನಗ್ತೀರಾ? ನಗಿ, ನಗಿ. ಕಾಲು ಮುರ್ಕೊಂಡು ಮಲಗಿರೋ ಮನುಷ್ಯನೇ ನಕ್ಕರೆ ನನಗೂ ಸ್ವಲ್ಪ ಧೈರ್ಯ ಬರುತ್ತೆ. ಕಿತ್ತಳೆಹಣ್ಣು ನೋಡಿ ತಾನೇ ನಗು? ಅಲ್ಲ ಡ್ರೈವರ್ ಸಾಹೇಬ್ರೇ, ನೀವು ಕೆಳಗೆ ಬಿದ್ದು ಒದ್ದಾಡ್ತಿದ್ರೆ ನಾನು ಬೆಟ್ಟದ ಮೇಲೆ ಕೂತು ಕಿತ್ತಳೆ ಸುಲೀತಿದ್ದೆ ಅಂತ ಎಲ್ಲರೂ ಆಡ್ಕೊಳ್ತಿರೋವಾಗ, ಮತ್ತೆ ಅದನ್ನೇ ಹೊತ್ಕೊಂಡು ಬಂದೆ ನೋಡಿ... ನನ್ನ ಬುದ್ಧಿಗಿಷ್ಟು! ಅಂಗಡಿಯಲ್ಲಿ ಬೇರೇನೂ ಇರ್ಲಿಲ್ಲ ಕಣ್ರೀ. ಪಕ್ಕಕ್ಕಿಡಿ. ನಿಮ್ಮ ತಂಗಿ ತಿನ್ನಲಿ.

ಈ ಕರ್ಟನ್ ಸ್ವಲ್ಪ ಸರಿಸ್ತೀನಿ, ಆಯ್ತಾ? ಕತ್ತಲಲ್ಲಿ ಕೂತು ಮಾತಾಡೋದು ನನಗಾಗಲ್ಲ. ಹಾಂ, ಈಗ ಮುಖ ಕಾಣ್ತು. ಅಯ್ಯೋ, ಮೀಸೆ ಎಲ್ಲಿ? ತೆಗೆಸಿಬಿಟ್ರಾ? ಒಳ್ಳೇದಾಯ್ತು ಬಿಡಿ. ಆ ಪೊದೆಯೊಳಗೆ ಬಾಯಿ ಇದೆಯೋ ಇಲ್ವೋ ಅಂತ ಹುಡುಕ್ಬೇಕಾಗಿತ್ತು. ಕೈ ತೆಗೀರಿ ಬಾಯಿ ಮೇಲಿಂದ. ನಾಚ್ಕೊಳ್ಳೋ ವಯಸ್ಸಾ ಇದು?

ಜೋರಾಗಿ ಮಾತಾಡ್ತಿದ್ದೀನಾ? ಗೊತ್ತು, ಗೊತ್ತು. ಇಪ್ಪತ್ತು ವರ್ಷ ಹಿಟ್ಟಿನ ಗಿರಣಿ ಪಕ್ಕ ನಿಂತೋಳ ಗಂಟಲು ಇದು. ಬೆಲ್ಟು ತಿರುಗ್ತಿದ್ರೆ ಪಿಸುಮಾತು ಆಡೋಕಾಗುತ್ತಾ? ಇವತ್ತು ಅರ್ಧ ದಿನಕ್ಕೇ ಬಾಗಿಲು ಹಾಕಿ ಬಂದೆ. ಗೋಧಿ ಡಬ್ಬಿಗಳು ಸಾಲಾಗಿ ಕೂತಿವೆ, ನಾಳೆ ಎಲ್ಲರೂ ಬಯ್ತಾರೆ. ಬೈಲಿ. ಬೈಸ್ಕೊಳ್ಳೋದು ಈಗ ಅಭ್ಯಾಸ ಆಗಿದೆ.

ಯಾಕೆ ಬಂದೆ ಅಂದ್ರೆ... ಹೇಳ್ತೀನಿ, ಅವಸರ ಮಾಡ್ಬೇಡಿ. ನಾನು ನಿಮ್ಮನ್ನ ಬಿಟ್ಟು ಹೋದೋಳು ಅಲ್ಲ. ಅದನ್ನ ಮೊದ್ಲು ತಲೆಗೆ ಹಾಕ್ಕೊಳ್ಳಿ. ಉಳಿದಿದ್ದು ಆಮೇಲೆ.

ನಮ್ಮ ಶನಿವಾರದ ಡಾನ್ಸ್ ಕ್ಲಾಸಿನ ಹಳೇ ಹಾಲ್ ನೆನಪಿದೆಯಾ? ಬೆಂಚು ಕುರ್ಚಿ ಮಾರೋರ ಗೋಡೌನ್ ಮೇಲಿನ ಮಹಡಿ. ಹಲಗೆ ನೆಲ. ಹಾಡು ಶುರುವಾದ್ರೆ ತಾಳ ಅಂಗಾಲಿಂದ ಹತ್ತಿ ಮಂಡಿಗೆ ಬರೋದು. ಅಲ್ಲಿ ನಾನು ಒಂದು ದಿನ ತಪ್ಪು ಹೆಜ್ಜೆ ಇಟ್ಟಿದ್ದೀನಾ? ನೀವೇ ಹೇಳಿ. ಹೊಸ ಹಾಲ್‌ಗೆ ಹೋದ್ವಿ, ಪೂರ್ತಿ ಟೈಲ್ಸ್. ಸತ್ತ ನೆಲ ಅದು. ಏನೂ ಬರಲ್ಲ ಕಾಲಿಗೆ. ಮೇಷ್ಟ್ರು ಎಲ್ಲರ ಮುಂದೆ ಅಂದ್ರು, ಗಿರಣಿಯಮ್ಮ, ತಾಳ ತಪ್ತಿದೆ ನಿಮ್ಮದು, ಅಂತ. ನಿಮ್ಮ ಜೊತೆ ಆಡುವಾಗ ತಪ್ತಿರ್ಲಿಲ್ಲ. ನಿಮ್ಮದು ಸ್ಟೀರಿಂಗ್ ಹಿಡಿದ ಕೈ, ಎಲ್ಲಿ ತಿರುಗಬೇಕು ಅಂತ ಮೊದಲೇ ಹೇಳಿಬಿಡುತ್ತೆ. ಆದ್ರೆ ನಮ್ಮಲ್ಲಿ ಒಂದೊಂದು ಹಾಡಿಗೆ ಒಬ್ಬೊಬ್ರು ಜೋಡಿ. ಮೇಷ್ಟ್ರು ಚಪ್ಪಾಳೆ ಹೊಡೆದ್ರೆ ನೀವು ಹೋದ್ರಿ, ಇನ್ನೊಬ್ರು ಬಂದ್ರು. ಅವರ ಕಾಲು ತುಳಿದೆ, ಅದರ ಮುಂದಿನೋರ ಕಾಲು ತುಳಿದೆ. ಹಲ್ಲಿನ ಡಾಕ್ಟ್ರಮ್ಮ ಮುಖ ಸಿಂಡರಿಸಿಕೊಂಡು ನೋಡಿದ್ರು.

ಹೆದರಿಕೆ ಆಯ್ತು ಕಣ್ರೀ. ನಿಜ ಹೇಳ್ತೀನಿ. ವಾರವೆಲ್ಲ ಜನ ನನ್ನ ಕೈಗೆ ಡಬ್ಬಿ ಕೊಡ್ತಾರೆ, ಚೀಲ ಕೊಡ್ತಾರೆ, ಚಿಲ್ಲರೆ ಕೊಡ್ತಾರೆ. ಈ ಕೈಯನ್ನ ಕೈ ಅಂತ ಹಿಡ್ಕೊಳ್ಳೋದು ಶನಿವಾರ ಸಂಜೆ ಮಾತ್ರ. ಮನೆಯವರು ಹೋದ್ಮೇಲೆ ಅದೊಂದೇ ನನಗಿದ್ದಿದ್ದು. ಅದೂ ಹೋಗುತ್ತೆ ಅಂತ ಗೊತ್ತಾದಾಗ, ಕುಣಿಯೋದು ಹೋದ್ರೂ ಜನ ಉಳೀಲಿ ಅಂತ ಯೋಚನೆ ಮಾಡಿದೆ. ಬೆಟ್ಟ ಹತ್ತೋಕೆ ಹಾಡು ಬೇಡ, ತಾಳ ಬೇಡ. ಭಾನುವಾರ ಎಲ್ಲರೂ ಸೇರಿ ನಡೆಯೋಣ, ಬೆಟ್ಟದ ಬಳಗ ಅಂತ ಹೆಸರಿಡೋಣ ಅಂದೆ. ನಡೆಯೋದ್ರಲ್ಲಿ ಯಾರು ಯಾರ ಕಾಲು ತುಳೀತಾರೆ?

ತಾಳ ಹೋದ್ರೆ ಕಲಿಯಬಹುದಿತ್ತು ಅಂದ್ರಾ? ಈ ವಯಸ್ಸಲ್ಲಿ ಏನು ಕಲಿಯೋದು. ಬಿಡಿ.

ಎಂಥ ಜನ ಅಲ್ವಾ ನಮ್ಮೋರು! ಬೆಟ್ಟಕ್ಕೆ ಬನ್ನಿ ಅಂದ್ರೆ ಮಿಂಚೋ ಬೂಟು ಹಾಕ್ಕೊಂಡು ಬಂದ್ರು. ಡಾಕ್ಟ್ರಮ್ಮ ಸೆಂಟು ಹೊಡ್ಕೊಂಡು, ತುಟಿಗೆ ಬಣ್ಣ ಹಚ್ಕೊಂಡು. ಮೇಷ್ಟ್ರಿಗೆ ಅಲ್ಲೂ ಮೇಷ್ಟ್ರುತನ. ರಸ್ತೆ ಅಗಲ ಇರೋ ತನಕ ಇಬ್ಬಿಬ್ರೇ ನಡೀಬೇಕಂತೆ, ತಿರುವು ಬಂದಾಗಲೆಲ್ಲ ಅವರು ಚಪ್ಪಾಳೆ ಹೊಡೆದ್ರೆ ಜೋಡಿ ಬದಲಾಯಿಸಬೇಕಂತೆ. ಎಲ್ಲರೂ ನಗ್ತಾ ಬದಲಾಯಿಸಿದ್ದೇ ಬದಲಾಯಿಸಿದ್ದು. ನನಗೂ ಖುಷಿಯಾಯ್ತು. ಅಬ್ಬಾ, ಬಳಗ ಕುದುರ್ತು ಅಂದ್ಕೊಂಡೆ. ಕಾಲುದಾರಿ ಬರೋ ತನಕ.

ಕಾಲುದಾರಿ ಅಂದ್ರೆ ಒಬ್ಬರ ಹಿಂದೆ ಒಬ್ಬರು. ಅದನ್ನ ನಾನು ಯೋಚನೆ ಮಾಡಿರ್ಲಿಲ್ಲ. ಹಾಲ್‌ನಲ್ಲಿ ಯಾವಾಗ್ಲೂ ಮುಖಕ್ಕೆ ಮುಖ ಇರುತ್ತೆ, ಬೆಟ್ಟದಲ್ಲಿ ಬರೀ ಬೆನ್ನು. ಬೆನ್ನಿನ ಜೊತೆ ಏನು ಮಾತಾಡ್ತೀರಿ? ಅದಕ್ಕೆ ನಾನು ಸರಸರ ಎಲ್ಲರಿಗಿಂತ ಮುಂದೆ ಹೋದೆ. ಬಳಗ ಕಟ್ಟಿದೋಳು, ಮುಂದಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ ಅಂತ. ನೀರು, ಬ್ಯಾಂಡೇಜು, ಔಷಧಿ ಇದ್ದ ಚೀಲ ನನ್ನ ಹೆಗಲ ಮೇಲೇ ಇತ್ತು. ಹೌದು, ಇತ್ತು. ಅದನ್ನೇ ಎಲ್ಲರೂ ಹೇಳ್ತಿರೋದು.

ನಿಮ್ಮದೂ ತಪ್ಪಿದೆ ಕಣ್ರೀ. ಆ ಇಕ್ಕಟ್ಟಲ್ಲಿ ಮೇಷ್ಟ್ರು ಚಪ್ಪಾಳೆ ಹೊಡೆದ್ರೆ ನೀವು ಯಾಕೆ ಜಾಗ ಬಿಡೋಕೆ ಹೋದ್ರಿ? ಹಾಲ್‌ನಲ್ಲಿ ಬಿಟ್ಟ ಹಾಗೆ ಪಕ್ಕಕ್ಕೆ ಒಂದು ಹೆಜ್ಜೆ, ಬಗ್ಗಿ, ಡಾಕ್ಟ್ರಮ್ಮನಿಗೆ ದಾರಿ ಕೊಟ್ರಂತೆ. ಅಲ್ಲಿ ಪಕ್ಕ ಎಲ್ಲಿತ್ತು? ಬರೀ ಜಲ್ಲಿ ಕಲ್ಲು. ಇಷ್ಟು ವರ್ಷ ಸ್ಕೂಲ್ ಬಸ್ ಓಡಿಸಿದ್ದೀರಿ, ಒಂದು ಮಗುವಿನ ಮೈ ತರಚಿಲ್ಲ, ನಿಮ್ಮ ಸ್ವಂತ ಕಾಲು ಎಲ್ಲಿಡ್ಬೇಕು ಅಂತ ಗೊತ್ತಾಗ್ಲಿಲ್ವಾ?

...ಬೈದಿದ್ದಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ. ಕ್ಲಚ್ ತುಳಿಯೋ ಕಾಲು ಅದು. ನಿಮ್ಮ ಕೆಲಸ ಹೋಯ್ತು ಅಂತ ನಿಮ್ಮ ತಂಗಿ ಬಾಗಿಲಲ್ಲೇ ಹೇಳಿದ್ಳು. ನೀವು ಬಿದ್ದಾಗಿನಿಂದ ನನಗೆ ನಿದ್ದೆ ಇಲ್ಲ.

ಹಾಗೆ ನೋಡ್ಬೇಡಿ. ನೀವು ಕೇಳೋದು ಒಂದೇ ಪ್ರಶ್ನೆ, ಗೊತ್ತು ನನಗೆ. ಗಿರಣಿಯಮ್ಮಾ ನಿಲ್ಲಿ, ಗಿರಣಿಯಮ್ಮಾ ಚೀಲ ತನ್ನಿ ಅಂತ ನೀವು ಕೂಗಿದ್ರಿ, ಮೇಷ್ಟ್ರೂ ಕೂಗಿದ್ರು. ಡಾಕ್ಟ್ರಮ್ಮ ಕಿರುಚಿದ್ದಕ್ಕೆ ಪಕ್ಷಿಗಳು ಎದ್ದು ಹಾರಿದ್ವಂತೆ. ನಾನು ತಿರುಗಿ ಕೂಡ ನೋಡ್ಲಿಲ್ಲ. ಕೈ ಬೀಸ್ಕೊಂಡು ಹೋದೆ. ಅವರು ಓಡ್ಕೊಂಡು ಮೇಲೆ ಬಂದಾಗ ಕಲ್ಲಿನ ಮೇಲೆ ಕೂತು ಹಲ್ಲು ಬಿಟ್ಟೆ, ಬನ್ನಿ ಬನ್ನಿ ಹಣ್ಣು ತಿನ್ನಿ ಅಂದೆ... ಸಾಕಾ? ಎಲ್ಲ ನಿಜ. ಒಂದಕ್ಷರ ಸುಳ್ಳಲ್ಲ.

ಗಾಳಿ ಇತ್ತು. ಎಷ್ಟು ಗಾಳಿ ಇತ್ತು ಆವತ್ತು!

ಇರ್ಲಿಲ್ವಾ? ಎಲೆ ಅಲ್ಲಾಡ್ಲಿಲ್ಲ ಅಂತೀರಾ. ಕೆಳಗೆ ಇರ್ಲಿಲ್ವೇನೋ, ಮೇಲಿತ್ತು. ಆಯ್ತು, ಗಾಳಿ ಬೇಡ. ಸಿಟ್ಟಿತ್ತು ಅಂದ್ಕೊಳ್ಳಿ. ಹಿಂದಿನ ಶನಿವಾರ ಡಾಕ್ಟ್ರಮ್ಮನ ಜೊತೆಗೇ ಮೇಲಿಂದ ಮೇಲೆ ಆಡಿದ್ರಿ, ನನಗೆ ಹೊಟ್ಟೆ ಉರೀತು, ಅದಕ್ಕೆ ಕೇಳಿಸಿದ್ರೂ ಕೇಳಿಸದ ಹಾಗೆ ಹೋದೆ. ಹೆಂಗಸರ ಬುದ್ಧಿ ಅಂತೀರಲ್ಲ, ಅದೇ. ಒಪ್ಕೊಳ್ಳಿ. ಯಾಕೆ ತಲೆ ಅಲ್ಲಾಡಿಸ್ತೀರಿ? ನನಗೆ ಹೊಟ್ಟೆಕಿಚ್ಚು ಪಡೋ ಯೋಗ್ಯತೆಯೂ ಇಲ್ವಾ?

ಕೇಳಿ, ಬಂದ ವಿಷಯ ಹೇಳಿಬಿಡ್ತೀನಿ. ನಮ್ಮ ಹಾಲ್‌ನಲ್ಲಿ ಯಾರಾದ್ರೂ ಕೈ ಚಾಚಿದ್ರೆ ಇಲ್ಲ ಅನ್ನೋ ಹಾಗಿಲ್ಲ. ಅದು ನಿಯಮ. ಆದ್ರೆ ಕೈ ಚಾಚಲೇಬೇಕು ಅಂತ ಯಾವ ನಿಯಮವೂ ಇಲ್ವಲ್ಲ! ಮೊನ್ನೆ ಶನಿವಾರ ಹೋಗಿ ಕೂತೆ. ಹಾಡು ಮುಗೀತು, ಹಾಡು ಶುರುವಾಯ್ತು, ನನ್ನ ಮುಂದೆ ಒಂದು ಕೈ ಬರ್ಲಿಲ್ಲ. ಹೊಸ ಸೀರೆ ಉಟ್ಟಿದ್ದೆ. ಗಂಡಸರು ನನ್ನ ಕುರ್ಚಿ ಹತ್ರ ಬಂದಾಗ ಬೂಟಿನ ದಾರ ಕಟ್ಕೊಳ್ಳೋಕೆ ಬಗ್ತಿದ್ರು. ಕೊನೆಗೆ ಮೇಷ್ಟ್ರು ಬಂದು, ಮುಂದಿನ ವಾರ ಎಲ್ಲರೂ ಕೂತು ನಿಮ್ಮ ವಿಷಯ ಮಾತಾಡ್ತೀವಿ, ಅಲ್ಲೀ ತನಕ ಬರ್ಬೇಡಿ ಅಂದ್ರು. ಬಳಗದಿಂದಲೂ ಎಲ್ಲರೂ ಹೆಸರು ತೆಗೆಸಿದ್ರು. ಬೆಟ್ಟದ ಬಳಗ ಅಂದ್ರೆ ಈಗ ನಾನೊಬ್ಬಳೇ.

ನೀವು ಒಂದು ಮಾತು ಹೇಳಿದ್ರೆ ಎಲ್ಲ ಸರಿಹೋಗುತ್ತೆ. ‘ಮೇಲೆ ಹೋಗಿ, ಫೋನ್ ಸಿಗ್ನಲ್ ಸಿಕ್ಕಿದ್ರೆ ಯಾರನ್ನಾದ್ರೂ ಕರೀರಿ ಅಂತ ನಾನೇ ಅವರನ್ನ ಕಳಿಸಿದ್ದೆ.’ ಅಷ್ಟೇ. ಫೋನ್ ಸಿಗ್ಲಿಲ್ಲ, ಏನು ಮಾಡೋದು ಅಂತ ತೋಚದೆ ಕೂತಿದ್ದೆ ಅಂತ ನಾನು ಹೇಳ್ತೀನಿ. ಬಿದ್ದವರು ನೀವು, ನಿಮ್ಮ ಮಾತು ತಳ್ಳಿಹಾಕೋರು ಯಾರಿದ್ದಾರೆ? ಒಂದೇ ಒಂದು ಸುಳ್ಳು, ಡ್ರೈವರ್ರೇ. ನನ್ನ ಜೀವ ಉಳಿಯುತ್ತೆ.

ಏನು? ಯಾರನ್ನ ನೋಡ್ತಿದ್ದೀರಿ ನನ್ನ ಹಿಂದೆ?

ಅಯ್ಯೋ ತಂಗಿ, ನೀನಾ! ಚಹಾ ತಂದ್ಯಾ? ಎಷ್ಟು ಹೊತ್ತಾಯ್ತಮ್ಮ ನಿಂತು? ಕರೀಬಾರ್ದಾ? ...ಕರೆದ್ಯಾ? ಹಾಂ, ನಿಮ್ಮಣ್ಣನ ಜೊತೆ ಮಾತಾಡ್ತಾ ಮೈಮರೆತೆ ನೋಡು. ಇಲ್ಲಿ ಕೊಡು, ಕೈ ಸುಡುತ್ತೆ.

ಸಕ್ಕರೆ ಸರಿಯಾಗಿದೆ ಡ್ರೈವರ್ರೇ, ಸಾಕು ನನಗೆ. ಏನಂದ್ರಿ? ಹೌದು, ಬೀಗ ಹಾಕೇ ಬಂದೆ, ಬೀಗದ ಕೈ ಸೊಂಟದಲ್ಲಿದೆ. ಹೂಂ, ನಡ್ಕೊಂಡೇ ಬಂದೆ, ಬಸ್ಸು ಎಲ್ಲಿ ಸಿಗುತ್ತೆ ಈ ಹೊತ್ತಿಗೆ. ಏನು ಇವತ್ತು ನನ್ನ ಮೇಲೆ ಇಷ್ಟು ಕಾಳಜಿ? ಇಷ್ಟು ಹೊತ್ತು ಮುಖ ಗಂಟು ಹಾಕ್ಕೊಂಡಿದ್ರಿ, ಈಗ ಪ್ರಶ್ನೆ ಮೇಲೆ ಪ್ರಶ್ನೆ...

ತಂಗಿ ಯಾಕೆ ಹಾಗೆ ನೋಡ್ತಿದ್ದಾಳೆ? ನನ್ನನ್ನ ನೋಡ್ತಾಳೆ, ನಿಮ್ಮನ್ನ ನೋಡ್ತಾಳೆ. ಯಾಕಮ್ಮ, ನನ್ನ ಮುಖಕ್ಕೆ ಹಿಟ್ಟು ಮೆತ್ಕೊಂಡಿದೆಯಾ? ಬಾಯಿ ಮೇಲೆ ಕೈ ಇಟ್ಕೊಂಡು ನಿಂತ್ಯಲ್ಲ...

ಏನ್ರೀ, ಕೈ ಯಾಕೆ ಎಳೀತೀರಿ? ನಿಮ್ಮ ತಂಗಿ ಎದುರಿಗೆ? ಚಹಾ ಚೆಲ್ಲುತ್ತೆ, ಇರಿ. ಏನಿದು, ನನ್ನ ಕೈನ ನಿಮ್ಮ ಕತ್ತಿನ ಮೇಲೆ ಇಟ್ಕೊಂಡ್ರಿ... ಜ್ವರ ಇದೆಯಾ? ಇಲ್ವಲ್ಲ, ತಣ್ಣಗಿದೆ.

ಹಾಂ, ಹೇಳಿ. ‘ನಾನು ಈಗ ಮಾತಾಡ್ತಿದ್ದೀನಾ’ ಅಂತ ಕೇಳ್ತೀರಾ? ಇದೆಂಥ ಪ್ರಶ್ನೆ? ಮಾತಾಡ್ತಾನೇ ಇದ್ದೀರಲ್ಲ...

...ತುಟಿ ಆಡ್ತಿದೆ.

ಗಂಟಲು ಆಡ್ತಿಲ್ಲ.

ಇನ್ನೊಂದ್ಸಲ ಹೇಳಿ. ಏನಾದ್ರೂ ಹೇಳಿ. ...ಇಲ್ಲ. ಒಂದು ಚೂರೂ ನಡುಗ್ತಿಲ್ಲ. ಎಷ್ಟು ಹೊತ್ತಿಂದ ಬರೀ ತುಟಿ ಆಡಿಸ್ತಿದ್ದೀರಿ? ಸಕ್ಕರೆ ಕೇಳಿದ್ರಲ್ಲ, ಆಗಿಂದಾನಾ? ಬೀಗ ಕೇಳಿದ್ದೂ ದನಿಯಿಲ್ದೆನಾ? ನಾನು ಎಲ್ಲದಕ್ಕೂ ಉತ್ತರ ಕೊಟ್ಕೊಂಡು ಕೂತಿದ್ದೆ. ಮೋಸ ಕಣ್ರೀ ಇದು. ಇಷ್ಟು ವರ್ಷ ನನ್ನ ಕೈ ಹಿಡಿದೋರು ಮಾಡೋ ಕೆಲಸವಾ ಇದು?

ಹೌದು. ಕೇಳಿಸಲ್ಲ. ಎಡಗಡೆದು ಹೋಗಿ ಬಹಳ ವರ್ಷ ಆಯ್ತು. ಬಲಗಡೆದು ಈ ವರ್ಷ ಹೋಯ್ತು. ಗಿರಣಿ ತಿಂದ್ಹಾಕ್ತು. ಇನ್ನು ಬರಲ್ಲ, ಮೆಷಿನ್ ಹಾಕಿದ್ರೂ ಪ್ರಯೋಜನ ಇಲ್ಲ ಅಂತ ಕಿವಿ ಡಾಕ್ಟ್ರು ಒಂದು ಚೀಟಿಯಲ್ಲಿ ಬರೆದು ತೋರಿಸಿದ್ರು. ಅಲ್ಲೇ ಹರಿದು ಹಾಕಿದೆ. ಬೆಟ್ಟದ ಮೇಲೆ ಕೂತಾಗ ನಾನು ಏನಂದ್ಕೊಂಡೆ ಗೊತ್ತಾ? ಎಷ್ಟು ಚೆನ್ನಾಗಿದೆ, ಎಲ್ಲರೂ ನನ್ನ ಹಿಂದೆ ಬರ್ತಿದ್ದಾರೆ, ಮಾತಾಡ್ಕೊಂಡು, ನಗಾಡ್ಕೊಂಡು ಬರ್ತಿದ್ದಾರೆ ಅಂದ್ಕೊಂಡೆ. ನಿಮ್ಮ ಕಾಲಿನ ಮೂಳೆ ಆಚೆ ಬಂದಿತ್ತು ಅಂತ ಆಮೇಲೆ ಗೊತ್ತಾಯ್ತು. ಅಷ್ಟು ನೋವಲ್ಲಿ ನೀವು ಕೂಗಿದ್ದು ನನ್ನ ಹೆಸರನ್ನ. ನಾನು ಅದನ್ನ ಕೇಳ್ಲಿಲ್ಲ. ಅದೊಂದು ಸಂಕಟ ನನಗೆ ಸಾಯೋ ತನಕ ಹೋಗಲ್ಲ.

ಬೇಡ, ಹಾಗಂತ ಅವರಿಗೆ ಹೇಳ್ತೀನಿ ಅನ್ಬೇಡಿ. ಎಲ್ಲರೂ ಕ್ಷಮಿಸ್ತಾರೆ ಅಂತೀರಾ? ಕ್ಷಮಿಸ್ತಾರೆ. ಅಯ್ಯೋ ಪಾಪ ಅಂತಾರೆ, ಕುರ್ಚಿ ಹಾಕ್ತಾರೆ, ತಿಂಡಿ ತಂದ್ಕೊಡ್ತಾರೆ, ನನ್ನ ಮುಖದ ಹತ್ರ ಬಂದು ದೊಡ್ಡದಾಗಿ ಬಾಯಿ ತೆಗೀತಾರೆ. ಕೈ ಮಾತ್ರ ಚಾಚಲ್ಲ. ಕಿವುಡಿ ಜೊತೆ ಯಾರು ಕುಣೀತಾರೆ? ಆಗ್ಲೇ ಹೇಳಿದ ಸುಳ್ಳು ಬೇಡ, ಬಿಡಿ. ಬೇರೆ ಹೇಳಿ. ಕೇಳಿಸ್ಕೊಂಡೂ ತಿರುಗಿ ನೋಡ್ಲಿಲ್ಲ, ಕಲ್ಲೆದೆಯವಳು ಅಂತ ಹೇಳಿ. ಅವಳ ಮುಖ ನೋಡಲ್ಲ ಅಂತ ಹೇಳಿ. ಸಿಟ್ಟು ಒಂದು ವರ್ಷ ಇರುತ್ತೆ, ಎರಡು ವರ್ಷ ಇರುತ್ತೆ, ಆಮೇಲೆ ಯಾರಾದ್ರೂ ಒಬ್ಬರು ಮರೀತಾರೆ. ಒಂದೇ ಒಂದು ಹಾಡಿಗೆ... ನಿಮ್ಮ ಕಾಲು ಮುಟ್ತೀನಿ ಡ್ರೈವರ್ರೇ. ಕೆಟ್ಟವಳು ಅನ್ನಿ. ಇದನ್ನ ಮಾತ್ರ ಹೇಳ್ಬೇಡಿ.

ಹೇಳಲ್ಲ ತಾನೇ?

ಯಾಕೆ, ಮುಖ ಯಾಕೆ ಗೋಡೆ ಕಡೆ ತಿರುಗಿಸಿದ್ರಿ? ಡ್ರೈವರ್ರೇ... ಭುಜ ಅಲ್ಲಾಡ್ತಿದೆ. ಅಳ್ತಿದ್ದೀರಾ? ಏನಾದ್ರೂ ಹೇಳ್ತಿದ್ದೀರಾ? ಹೂಂ ಅಂದ್ರಾ, ಊಹೂಂ ಅಂದ್ರಾ?

ತಂಗಿ, ಅವರೇನಂದ್ರಮ್ಮ? ...ನೀನೂ ಯಾಕೆ ತಲೆ ತಗ್ಗಿಸ್ಕೊಂಡೆ? ಸ್ವಲ್ಪ ತಲೆ ಎತ್ತಿ ಹೇಳಮ್ಮ. ಏನಂದ್ರು?